ಮೊದಲು ಅರಸಿದ ಸಾಮ್ರಾಜ್ಯ



ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯವನ್ನು ನೀವು ಬಲಿಪೂಜೆಯಲ್ಲಿ ಹಲವು ಬಾರಿ ಆಲಿಸಿದ್ದೀರಿ. ಆಕಾಶದ ಹಕ್ಕಿಗಳನ್ನೂ ಬಯಲಿನ ಹೂಗಳನ್ನೂ ತೋರಿಸಿ, ಊಟ ಉಡುಪುಗಳ ಚಿಂತೆ ಬಿಟ್ಟು ದೇವರ ಸಾಮ್ರಾಜ್ಯವನ್ನು ಮೊದಲು ಅರಸಬೇಕೆಂದೂ ಉಳಿದುದೆಲ್ಲ ಅದರ ಬೆನ್ನಿಗೇ ಬರುವುದೆಂದೂ ಯೇಸುಸ್ವಾಮಿ ಬೋಧಿಸುವ ಭಾಗವದು. ಆ ಬೋಧನೆಯಲ್ಲಿ ಒಂದೇ ಒಂದು ಪದವನ್ನು ಬದಲಿಸಿ, ದೇವರ ಸಾಮ್ರಾಜ್ಯವಿದ್ದ ಕಡೆ ರಾಜಕೀಯ ಸಾಮ್ರಾಜ್ಯವನ್ನು ಇರಿಸಿ, ಅದನ್ನೊಂದು ಜನಾಂಗದ ಘೋಷಣೆಯಾಗಿಸಿದ ನಾಯಕರೊಬ್ಬರಿದ್ದರು. ಪಶ್ಚಿಮ ಆಫ್ರಿಕಾದ ಘಾನಾ ದೇಶದ ಮೊದಲ ಪ್ರಧಾನಿ, ಬಳಿಕ ಮೊದಲ ಅಧ್ಯಕ್ಷ, ಕ್ವಾಮೆ ಎನ್‌ಕ್ರುಮಾ. ರಾಜಧಾನಿ ಆಕ್ರಾದ ಸಂಸತ್ ಭವನದ ಮುಂದೆ ನಿಂತಿದ್ದ ಅವರ ಪ್ರತಿಮೆಯ ಪೀಠದ ಮೇಲೂ ಆ ಮಾತನ್ನೇ ಕೆತ್ತಲಾಗಿತ್ತು. 1966ರ ಸೇನಾ ದಂಗೆಯ ವೇಳೆ ಪ್ರತಿಮೆಯನ್ನು ಉರುಳಿಸಿ ಒಡೆಯಲಾಯಿತು. ಈಗ ಆಕ್ರಾದ ಎನ್‌ಕ್ರುಮಾ ಸ್ಮಾರಕ ಉದ್ಯಾನದಲ್ಲಿ ತಲೆಯಿಲ್ಲದ ಪ್ರತಿಮೆ ಒಂದು ಕಡೆ, ಅದರ ತಲೆ ಪಕ್ಕದ ಇನ್ನೊಂದು ಪೀಠದ ಮೇಲೆ ಇವೆ. ಯಾರೂ ಎರಡನ್ನೂ ಬೆಸೆಯಲು ಹೋಗಿಲ್ಲ.

ಶುಭಸಂದೇಶವನ್ನು ಹೀಗೆ ತಿದ್ದುವುದು ದೈವನಿಂದೆಯಲ್ಲವೇ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಆ ಕಾಲದಲ್ಲಿ ಅಲ್ಲಿನ ಧರ್ಮಸಭೆಗಳಲ್ಲೂ ಅನೇಕರು ಹಾಗೆಯೇ ಕೇಳಿದರು. ನನಗೆ ಈ ಪ್ರಶ್ನೆ ಅಷ್ಟು ಸುಲಭವಾಗಿ ಇತ್ಯರ್ಥವಾಗುವಂತೆ ಕಾಣುವುದಿಲ್ಲ. ನಮ್ಮ ಕನ್ನಡದಲ್ಲಂತೂ ಇಲ್ಲೊಂದು ವಿಚಿತ್ರ ತೊಡಕಿದೆ. ದೇವರ ಆಳ್ವಿಕೆಗೆ ನಮ್ಮ ಬೈಬಲಿನಲ್ಲಿ ಬಳಕೆಯಾದ ಪದ ಸಾಮ್ರಾಜ್ಯ. ಎನ್‌ಕ್ರುಮಾ ಜೀವಮಾನವಿಡೀ ಹೋರಾಡಿದ್ದು ಸಾಮ್ರಾಜ್ಯಶಾಹಿಯ ವಿರುದ್ಧ. ಅವರ ಘೋಷಣೆಯನ್ನು ಕನ್ನಡಕ್ಕೆ ತಂದ ಕೂಡಲೇ ಪದ ತನ್ನ ಮೇಲೆ ತಾನೇ ತಿರುಗಿ ಬೀಳುತ್ತದೆ. ಅವರ ಬದುಕಿನಲ್ಲೂ ಇದೇ ನಡೆಯಿತೋ ಏನೋ ಎಂಬ ಸಂಶಯದಿಂದಲೇ, 1963ರಲ್ಲಿ ಪ್ರಕಟವಾದ ಅವರ ‘ಆಫ್ರಿಕಾ ಮಸ್ಟ್ ಯುನೈಟ್’ ಎಂಬ ಗ್ರಂಥವನ್ನು ಮರಳಿ ಓದಿದೆ. ಆಫ್ರಿಕಾ ಒಂದಾಗಲೇಬೇಕು ಎಂಬುದು ಆ ಶೀರ್ಷಿಕೆಯ ಅರ್ಥ. ಆ ಓದಿನಿಂದ ಹುಟ್ಟಿದ ಕೆಲವು ವಿಚಾರಗಳನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಒಂದು ಮಾತು. ಎನ್‌ಕ್ರುಮಾ ಶುಭಸಂದೇಶವನ್ನು ಹೊರಗಿನಿಂದ ಕದ್ದವರಲ್ಲ. 1909ರಲ್ಲಿ, ಆಗ ಗೋಲ್ಡ್ ಕೋಸ್ಟ್ ಎನಿಸಿಕೊಂಡಿದ್ದ ಬ್ರಿಟಿಷ್ ವಸಾಹತಿನ ನೈಋತ್ಯ ಮೂಲೆಯ ಒಂದು ಹಳ್ಳಿಯಲ್ಲಿ ಹುಟ್ಟಿದ ಈ ಹುಡುಗನಿಗೆ ಅಕ್ಷರ ಕಲಿಸಿದ್ದು ಕಥೋಲಿಕ ಮಿಷನ್ ಶಾಲೆ. ಕೈ ಹಿಡಿದು ನಡೆಸಿದವರು ಒಬ್ಬ ಜರ್ಮನ್ ಗುರು. ಬೆಳೆದ ಮೇಲೆ ಅವರು ಕಥೋಲಿಕ ಶಾಲೆಗಳಲ್ಲೂ ಅಮಿಸ್ಸಾನೊ ಎಂಬಲ್ಲಿನ ಗುರುಮಠದಲ್ಲೂ ಪಾಠ ಹೇಳಿದರು. ಯೇಸುಸಭೆಯನ್ನು ಸೇರುವ ಯೋಚನೆಯನ್ನೂ ಮಾಡಿದ್ದರು. 1935ರಲ್ಲಿ ಅಮೆರಿಕಕ್ಕೆ ಹೋಗಿ ಲಿಂಕನ್ ವಿಶ್ವವಿದ್ಯಾಲಯದಲ್ಲಿ ದೈವಶಾಸ್ತ್ರದ ಪದವಿಯನ್ನೂ ಪಡೆದು, ಅಲ್ಲಿನ ಕಪ್ಪು ಜನರ ದೇವಾಲಯಗಳಲ್ಲಿ ಪ್ರಸಂಗ ಮಾಡಿದರು. ಪ್ರಸಂಗಪೀಠದಲ್ಲಿ ನಿಂತು ಅಭ್ಯಾಸವಾದವರಿಗೆ ವೇದವಾಕ್ಯ ನಾಲಗೆಯ ತುದಿಯಲ್ಲಿರುತ್ತದೆ. ಅವರ ಜನರಿಗೂ ಅದು ಪರಿಚಿತವೇ. ಹಾಗಾಗಿ ಘೋಷಣೆ ಬೇಗ ಹಬ್ಬಿತು.

ಅಲ್ಲದೆ ಆಫ್ರಿಕಾದ ಬಿಡುಗಡೆಯ ಹಂಬಲ ಎನ್‌ಕ್ರುಮಾರಿಗಿಂತ ಬಹಳ ಮೊದಲೇ ಬೈಬಲಿನ ಪುಟಗಳೊಳಗೆ ಗೂಡು ಕಟ್ಟಿಕೊಂಡಿತ್ತು. ಇಥಿಯೋಪಿಯವು ದೇವರತ್ತ ಕೈ ಚಾಚುವ ಕಾಲ ಬರುತ್ತದೆಂಬ ಸೂಚನೆ 68ನೆಯ ಕೀರ್ತನೆಯಲ್ಲಿ ಬರುತ್ತದೆ. ನಾವು ಅದನ್ನು ಓದಿ ಮುಂದೆ ಸಾಗುತ್ತೇವೆ. ಹಡಗುಗಳ ತಳದಲ್ಲಿ ಸರಪಳಿಯೊಂದಿಗೆ ಸಾಗಿಹೋದವರ ಮಕ್ಕಳು ಹಾಗೆ ಸಾಗಿಹೋಗಲಿಲ್ಲ. ಅವರಿಗೆ ಅದೊಂದು ವಾಗ್ದಾನವಾಯಿತು. 1892ರಲ್ಲಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಬಿಳಿಯರ ಮೇಲಾಳಿಕೆಯಿಂದ ಬೇಸತ್ತ ಮಂಗೇನಾ ಮೊಕೋನೆ ಎಂಬ ಬೋಧಕರು ಸ್ಥಾಪಿಸಿದ ಸಭೆಯ ಹೆಸರೇ ಇಥಿಯೋಪಿಯನ್ ಸಭೆ. 1915ರಲ್ಲಿ ಇಂದಿನ ಮಲಾವಿಯಲ್ಲಿ ವಸಾಹತು ತೋಟಗಳ ದೌರ್ಜನ್ಯದ ವಿರುದ್ಧ ದಂಗೆಯೆದ್ದು ಪ್ರಾಣತೆತ್ತ ಜಾನ್ ಚಿಲೆಂಬ್ವೆ ಒಬ್ಬ ಬ್ಯಾಪ್ಟಿಸ್ಟ್ ಪಾಲಕರು.

ಪ್ಯಾನ್ ಆಫ್ರಿಕನ್ ಚಳವಳಿ, ಎಂದರೆ ಇಡೀ ಆಫ್ರಿಕಾವನ್ನೂ ಅದರಿಂದ ಚದುರಿಹೋದವರನ್ನೂ ಒಂದೇ ಜನವೆಂದು ಕಂಡ ಚಳವಳಿ, ಹುಟ್ಟಿದ್ದೂ ಇಂಥ ನೆಲವಿಲ್ಲದವರ ನಡುವೆಯೇ. 1900ರಲ್ಲಿ ಅದರ ಮೊದಲ ಸಮ್ಮೇಳನ ಸೇರಿದ್ದು ಆಫ್ರಿಕಾದಲ್ಲಲ್ಲ, ಲಂಡನ್ನಿನಲ್ಲಿ. ಕರೆದವರು ಟ್ರಿನಿಡಾಡ್ ದ್ವೀಪದ ನ್ಯಾಯವಾದಿ ಹೆನ್ರಿ ಸಿಲ್ವೆಸ್ಟರ್ ವಿಲಿಯಮ್ಸ್. ನಂತರದ ದಶಕಗಳಲ್ಲಿ ಅದನ್ನು ಹೊತ್ತು ನಡೆಸಿದವರು ಅಮೆರಿಕದ ಕಪ್ಪು ವಿದ್ವಾಂಸ ಡು ಬೋಯ್ಸ್. 1945ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಐದನೆಯ ಮಹಾಸಭೆ ಸೇರಿದಾಗ ಅದರ ಸಂಘಟಕರಲ್ಲಿ ಟ್ರಿನಿಡಾಡಿನ ಜಾರ್ಜ್ ಪ್ಯಾಡ್ಮೋರ್ ಮತ್ತು ಎನ್‌ಕ್ರುಮಾ ಇದ್ದರು. ಕೀನ್ಯಾದ ಜೋಮೋ ಕೆನ್ಯಾಟಾ ಕೂಡ ಇದ್ದರು. ಒಬ್ಬರಿಗೂ ರಾಜ್ಯವಿರಲಿಲ್ಲ, ಧ್ವಜವಿರಲಿಲ್ಲ, ಕಾಯಬೇಕಾದ ಗಡಿಯಿರಲಿಲ್ಲ. ರಾಜ್ಯವಿಲ್ಲದವರು ಕಂಡ ಕನಸಾದುದರಿಂದಲೇ ಅದು ಅಷ್ಟು ವಿಶಾಲವಾಗಿತ್ತು. ಮುಂದಿನ ಕಥೆಯಲ್ಲಿ ಈ ಸಂಗತಿಯನ್ನು ನೀವು ನೆನಪಿಟ್ಟುಕೊಳ್ಳಬೇಕು.

ರಾಜ್ಯ ಬರಲು ತಡವಾಗಲಿಲ್ಲ. 1947ರಲ್ಲಿ ತಾಯ್ನಾಡಿಗೆ ಮರಳಿದ ಎನ್‌ಕ್ರುಮಾ 1949ರಲ್ಲಿ ಸ್ವಂತ ಪಕ್ಷ ಕಟ್ಟಿದರು. ಗಾಂಧೀಜಿಯ ಮಾರ್ಗದಿಂದ ಸ್ಫೂರ್ತಿ ಪಡೆದ ಅಸಹಕಾರ ನಡೆಸಿ ಸೆರೆಮನೆ ಸೇರಿ, 1951ರ ಚುನಾವಣೆಯನ್ನು ಸೆರೆಮನೆಯಲ್ಲಿದ್ದುಕೊಂಡೇ ಗೆದ್ದರು. 1957ರ ಮಾರ್ಚ್ 6ರಂದು ಗೋಲ್ಡ್ ಕೋಸ್ಟ್ ಘಾನಾ ಎಂಬ ಹೆಸರಿನಲ್ಲಿ ಸ್ವತಂತ್ರವಾಯಿತು. ಇಡೀ ಆಫ್ರಿಕಾ ಬಿಡುಗಡೆಯಾಗದಿದ್ದರೆ ಈ ಸ್ವಾತಂತ್ರ್ಯಕ್ಕೆ ಅರ್ಥವಿಲ್ಲವೆಂದು ಅವರು ಅಂದಿನ ಮಧ್ಯರಾತ್ರಿಯೇ ಸಾರಿದರು. ಬರಿಯ ಮಾತಲ್ಲ. 1958ರಲ್ಲಿ ಫ್ರಾನ್ಸಿನ ಅಧೀನವನ್ನು ನಿರಾಕರಿಸಿದ ಗಿನಿ ದೇಶವನ್ನು ಫ್ರೆಂಚರು ಬರಿಗೈಯಲ್ಲಿ ಬಿಟ್ಟು ಹೋದಾಗ ಘಾನಾ ಒಂದು ಕೋಟಿ ಪೌಂಡ್ ಸಾಲ ನೀಡಿ, ಒಕ್ಕೂಟವನ್ನು ಘೋಷಿಸಿತು. 1960ರ ಘಾನಾ ಸಂವಿಧಾನದಲ್ಲಿ, ಆಫ್ರಿಕಾದ ಒಕ್ಕೂಟಕ್ಕಾಗಿ ದೇಶದ ಸಾರ್ವಭೌಮತ್ವವನ್ನು ಪೂರ್ತಿಯಾಗಿಯಾಗಲಿ ಭಾಗಶಃವಾಗಲಿ ಒಪ್ಪಿಸುವ ಅಧಿಕಾರವನ್ನು ಸಂಸತ್ತಿಗೆ ಬರೆದುಕೊಡಲಾಯಿತು. ತನ್ನ ಅಳಿವಿಗೆ ತಾನೇ ಬಾಗಿಲು ತೆರೆದಿಟ್ಟ ರಾಷ್ಟ್ರಗಳು ಜಗತ್ತಿನಲ್ಲಿ ಹೆಚ್ಚಿಲ್ಲ. ಎನ್‌ಕ್ರುಮಾರನ್ನು ಬರಿಯ ಅಧಿಕಾರದಾಹಿ ಎಂದು ಬಣ್ಣಿಸುವವರು ಈ ಒಂದು ವಿಧಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಗ್ರಂಥ ಬಂದದ್ದು ಇದಾದ ಮೇಲೆ. 1960ರ ಒಂದೇ ವರ್ಷದಲ್ಲಿ ಆಫ್ರಿಕಾದ 17 ದೇಶಗಳು ಸ್ವತಂತ್ರವಾಗಿದ್ದವು. (ಆಧುನಿಕ ಕಾಲದ ಮೊದಲ ಆಫ್ರಿಕನ್ ಕಾರ್ಡಿನಲ್, ಟಾಂಗನೀಕಾದ ಲಾರಿಯನ್ ರುಗಂಬ್ವಾ ಅವರ ನೇಮಕವಾದದ್ದೂ ಅದೇ ವರ್ಷ.) 1963ರ ಮೇ ತಿಂಗಳಲ್ಲಿ ಈ ಹೊಸ ರಾಷ್ಟ್ರಗಳ ನಾಯಕರು ಇಥಿಯೋಪಿಯದ ಅಡಿಸ್ ಅಬಾಬದಲ್ಲಿ ಸೇರುವವರಿದ್ದರು. ಅವರನ್ನು ಒಪ್ಪಿಸಲೆಂದೇ ಬರೆದ ಗ್ರಂಥವಿದು. ತೀರಿಹೋಗಿದ್ದ ಗೆಳೆಯ ಪ್ಯಾಡ್ಮೋರ್‌ಗೆ ಅರ್ಪಿತವಾಗಿದೆ. ಇದರ ಉತ್ತಮ ಭಾಗಗಳು ಇಂದಿಗೂ ಹರಿತವಾಗಿವೆ. 1884–85ರ ಬರ್ಲಿನ್ ಸಮ್ಮೇಳನದ ಕಾಲದಿಂದ ಯುರೋಪಿನವರು ನಕಾಶೆಯ ಮೇಲೆ ಎಳೆದ ಗೆರೆಗಳೇ ಹೊಸ ರಾಷ್ಟ್ರಗಳ ಗಡಿಗಳಾದವು. ಗಣಿಯಿಂದ ಬಂದರಿಗೆ ಓಡುವ ರೈಲು ಇತ್ತು, ನೆರೆಯ ದೇಶಕ್ಕೆ ಹೋಗುವ ರೈಲು ಇರಲಿಲ್ಲ. ಘಾನಾ ಕೋಕೋ ಬೆಳೆಯುತ್ತದೆ, ಪಕ್ಕದ ಐವರಿ ಕೋಸ್ಟ್ ಕೂಡ ಅದನ್ನೇ ಬೆಳೆಯುತ್ತದೆ. ಬೆಲೆ ಕಟ್ಟುವುದು ಮಾತ್ರ ಹೊರಗಿನ ಮಾರುಕಟ್ಟೆ. ಹೀಗಿರುವಾಗ ಪುಟ್ಟ ಪುಟ್ಟ ರಾಷ್ಟ್ರಗಳು ಒಂದೊಂದಾಗಿ ಚೌಕಾಶಿಗೆ ಕುಳಿತರೆ ಒಂದೊಂದಾಗಿಯೇ ಸೋಲುತ್ತವೆ. ಹಳೆಯ ಒಡೆಯರು ಧ್ವಜವನ್ನಿಳಿಸಿ ಹೋಗಿ ಬ್ಯಾಂಕಿನ ಮೂಲಕ ಮರಳಿ ಬರುತ್ತಾರೆ. ಇದು ಅವರ ವಾದ. ಪರಿಹಾರವಾಗಿ ಅವರು ಕೇಳಿದ್ದು ಇಡೀ ಖಂಡಕ್ಕೆ ಒಂದು ಆರ್ಥಿಕ ಯೋಜನೆ, ಒಂದು ರಕ್ಷಣಾ ವ್ಯವಸ್ಥೆ, ಒಂದು ವಿದೇಶಾಂಗ ನೀತಿ. ಬೇಗನೆ, ಈಗಲೇ. ತಡಮಾಡಿದರೆ ಒಂದೊಂದು ರಾಷ್ಟ್ರವೂ ತನ್ನ ಗೂಡಿಗೆ ಒಗ್ಗಿಹೋಗುತ್ತದೆಂದು ಅವರು ಹೆದರಿದ್ದರು. ಆ ಹೆದರಿಕೆ ನಿಜವಾಯಿತು.

ಆದರೆ ಓದುಗರೇ, ಈ ಗ್ರಂಥದಲ್ಲಿ ಒಬ್ಬರು ಕಾಣುವುದಿಲ್ಲ. ಒಂದಾಗಬೇಕಾದ ಆ ಜನ. ರಾಷ್ಟ್ರಗಳಿವೆ, ನಾಯಕರಿದ್ದಾರೆ, ಸಂಪನ್ಮೂಲಗಳ ಲೆಕ್ಕವಿದೆ. ಅಮೆರಿಕ ಹೇಗೆ ಒಂದಾಯಿತು, ಸೋವಿಯತ್ ಒಕ್ಕೂಟ ಹೇಗೆ ನಿಂತಿತು ಎಂಬ ಪಾಠವಿದೆ. (ಎರಡನೆಯದು 1991ರಲ್ಲಿ ಚದುರಿಹೋಯಿತು.) ಕೋಕೋ ತೋಟದ ರೈತನನ್ನು ಯಾರಾದರೂ ಕೇಳಿದರೇ, ಅವನು ಬೇಡವೆಂದರೆ ಏನು ಮಾಡಬೇಕು ಎಂಬುದಕ್ಕೆ ಉತ್ತರವಿಲ್ಲ. ಉತ್ತರವಿಲ್ಲ ಎಂದರೆ ತಪ್ಪಾದೀತು. ಉತ್ತರ ಘಾನಾದ ಒಳಗೇ ಸಿಕ್ಕಿತ್ತು, ಮತ್ತು ಗ್ರಂಥಕರ್ತರು ಅದನ್ನು ಸಮರ್ಥಿಸಿಯೇ ಬರೆದಿದ್ದಾರೆ.

1954ರಲ್ಲಿ ಎನ್‌ಕ್ರುಮಾ ಸರ್ಕಾರ ರೈತರಿಗೆ ಸಲ್ಲುವ ಕೋಕೋ ಬೆಲೆಯನ್ನು ಮಾರುಕಟ್ಟೆಗಿಂತ ಬಹಳ ಕೆಳಗೆ ಕಟ್ಟಿಹಾಕಿತು. ಕೋಕೋ ಬೆಳೆಯುವ ಅಶಾಂತಿ ಸೀಮೆ ಸಿಡಿದೆದ್ದಿತು. ಕುಮಾಸಿ ನಗರದಲ್ಲಿ ಹೊಸ ಪಕ್ಷ ಹುಟ್ಟಿತು. ಅದರ ಬೇಡಿಕೆ ಏನು ಗೊತ್ತೇ? ಒಕ್ಕೂಟ ವ್ಯವಸ್ಥೆ. ಸೀಮೆಗಳಿಗೆ ತಮ್ಮದೇ ಅಧಿಕಾರವಿರಲಿ, ಮೇಲೆ ಕೇಂದ್ರವಿರಲಿ ಎಂದರು. ಎನ್‌ಕ್ರುಮಾ ಅದನ್ನು ಬುಡಕಟ್ಟು ಬುದ್ಧಿಯೆಂದು ಕರೆದು ತಿರಸ್ಕರಿಸಿದರು. 1956ರ ಚುನಾವಣೆಯಲ್ಲಿ 104 ಸ್ಥಾನಗಳಲ್ಲಿ 71 ಗೆದ್ದು ತಮ್ಮ ಪಕ್ಷವನ್ನು ಸ್ಥಾಪಿಸಿಕೊಂಡರು. ಅದು ನ್ಯಾಯವಾದ ಗೆಲುವೇ. ಮರುವರ್ಷ ಸೀಮೆ, ಬುಡಕಟ್ಟು, ಮತಗಳ ಆಧಾರದ ಪಕ್ಷಗಳನ್ನು ಕಾನೂನಿನಿಂದಲೇ ನಿಷೇಧಿಸಿದರು. 1958ರಲ್ಲಿ ವಿಚಾರಣೆಯಿಲ್ಲದೆ ಐದು ವರ್ಷದವರೆಗೆ ಸೆರೆಯಲ್ಲಿಡುವ ಕಾಯಿದೆ ಬಂದಿತು. 1964ರಲ್ಲಿ ಏಕಪಕ್ಷ ಆಡಳಿತ. ಇಡೀ ಆಫ್ರಿಕಾ ಖಂಡಕ್ಕೆ ಒಕ್ಕೂಟ ಬೇಕೆಂದವರು ಅಶಾಂತಿಯ ರೈತರಿಗೆ ಅದೇ ಒಕ್ಕೂಟವನ್ನು ಕೊಡಲಿಲ್ಲ. ಈ ವಿರೋಧಾಭಾಸ ಗ್ರಂಥಕರ್ತರ ಕಣ್ಣಿಗೆ ಬಿದ್ದಂತೆಯೇ ಕಾಣುವುದಿಲ್ಲ. ಇದೇ ಆ ಗ್ರಂಥದ ದೊಡ್ಡ ಕುಂದು ಎಂಬುದು ನನ್ನ ತೀರ್ಮಾನ.

ಧರ್ಮಸಭೆಗೂ ಇದರ ಬಿಸಿ ತಗುಲಿತು. ಎನ್‌ಕ್ರುಮಾರಿಗೆ ಓಸಾಗ್ಯೆಫೋ ಎಂಬ ಬಿರುದು ಅಂಟಿಕೊಂಡಿತ್ತು; ಅದನ್ನು ಉದ್ಧಾರಕ ಎಂದೇ ಅರ್ಥೈಸುತ್ತಿದ್ದರು. ಶಾಲಾ ಮಕ್ಕಳ ಪಕ್ಷದಳದಲ್ಲಿ ದೇವರ ಸ್ಥಾನವನ್ನು ನಾಯಕ ಆಕ್ರಮಿಸುತ್ತಿದ್ದಾನೆಂದು ಆಕ್ರಾದ ಆಂಗ್ಲಿಕನ್ ಧರ್ಮಾಧ್ಯಕ್ಷ ರಿಚರ್ಡ್ ರೋಸ್‌ವೇರ್ ಆಕ್ಷೇಪಿಸಿದರು. 1962ರ ಆಗಸ್ಟಿನಲ್ಲಿ ಅವರನ್ನು ದೇಶದಿಂದ ಹೊರಗೆ ಕಳಿಸಲಾಯಿತು. ಮುಂದೆ ಮರಳಲು ಬಿಟ್ಟರು. ಮಿಷನರಿಗಳಲ್ಲಿ ಅನೇಕರು ವಸಾಹತುಶಾಹಿಯ ಕಾಲದಲ್ಲಿ ಇಷ್ಟು ಗಟ್ಟಿಯಾಗಿ ದನಿಯೆತ್ತಿರಲಿಲ್ಲ ಎಂದು ಎನ್‌ಕ್ರುಮಾರ ಕಡೆಯವರು ಎದುರಾಡಿದ್ದರೆ ಅದರಲ್ಲೂ ಹುರುಳಿರುತ್ತಿತ್ತು. ಅದನ್ನು ನಾವು ಮರೆಯಬಾರದು.

ಈ ನಡುವೆ ಖಂಡದ ಇನ್ನೊಂದು ಅಂಚಿನಲ್ಲಿ ಇನ್ನೊಬ್ಬ ಶಿಕ್ಷಕರು ಬೇರೆ ದಾರಿ ಹಿಡಿದಿದ್ದರು. ಜೂಲಿಯಸ್ ನೈರೇರೆ, ಟಾಂಗನೀಕಾದವರು. ಯೌವನದಲ್ಲಿ ದೀಕ್ಷಾಸ್ನಾನ ಪಡೆದ ಕಥೋಲಿಕರು. ಕಥೋಲಿಕ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದು, ರಾಜಕೀಯಕ್ಕಾಗಿ 1955ರಲ್ಲಿ ಕೆಲಸ ಬಿಟ್ಟವರು. ಮ್ವಾಲಿಮು, ಎಂದರೆ ಸ್ವಾಹಿಲಿಯಲ್ಲಿ ಮೇಷ್ಟ್ರು, ಎಂಬುದೇ ಅವರ ಹೆಸರಾಯಿತು. 2005ರಲ್ಲಿ ಅವರನ್ನು ಸಂತಪದವಿಗೇರಿಸುವ ಪ್ರಕ್ರಿಯೆ ಆರಂಭವಾದ ಸುದ್ದಿಯನ್ನು ನಿಮ್ಮಲ್ಲಿ ಕೆಲವರು ಓದಿರಬಹುದು. 1960ರಲ್ಲಿ ಈ ಮೇಷ್ಟ್ರು ಒಂದು ಅಪೂರ್ವ ಮಾತನಾಡಿದರು: ಕೀನ್ಯಾ, ಉಗಾಂಡಗಳೊಡನೆ ಸೇರಿ ಒಂದೇ ಒಕ್ಕೂಟವಾಗಿ ಸ್ವತಂತ್ರವಾಗುವುದಾದರೆ ಟಾಂಗನೀಕಾದ ಸ್ವಾತಂತ್ರ್ಯವನ್ನು ಸ್ವಲ್ಪ ಕಾಲ ಮುಂದೂಡಲು ತಾವು ಸಿದ್ಧ. ಒಮ್ಮೆ ಬೇರೆ ಬೇರೆಯಾಗಿ ಧ್ವಜ ಹಾರಿದರೆ ಮತ್ತೆ ಕೂಡಿಸುವುದು ಕಷ್ಟವೆಂಬುದು ಅವರ ಎಣಿಕೆ. ಎನ್‌ಕ್ರುಮಾ ರಾಜಕೀಯ ಸಾಮ್ರಾಜ್ಯವನ್ನು ಮೊದಲು ಅರಸಿದರು, ನೈರೇರೆ ಅದನ್ನು ಎರಡನೆಯದಾಗಿ ಇರಿಸಲು ಒಪ್ಪಿದರು. ಆದರೆ ಕಾಲ ಒಪ್ಪಲಿಲ್ಲ. 1961ರ ಡಿಸೆಂಬರಿನಲ್ಲಿ ಟಾಂಗನೀಕಾ ಒಂದೇ ಸ್ವತಂತ್ರವಾಯಿತು. 1962ರಲ್ಲಿ ಉಗಾಂಡ, 1963ರ ಕೊನೆಗೆ ಕೀನ್ಯಾ.

1963ರ ಜೂನ್ 5ರಂದು ಮೂರೂ ದೇಶಗಳ ನಾಯಕರು ನೈರೋಬಿಯಲ್ಲಿ ಸೇರಿ, ಆ ವರ್ಷ ಮುಗಿಯುವುದರೊಳಗೆ ಪೂರ್ವ ಆಫ್ರಿಕಾ ಒಕ್ಕೂಟ ರಚಿಸುವುದಾಗಿ ಘೋಷಿಸಿದರು. ಮಾತುಕತೆ ಮುರಿದು ಬಿತ್ತು. ಉಗಾಂಡದ ಹಿಂಜರಿಕೆ ಮುಖ್ಯ ಕಾರಣ. ಆದರೆ ಆ ಹಿಂಜರಿಕೆಗೆ ಗಾಳಿ ಹಾಕಿದವರಲ್ಲಿ ಎನ್‌ಕ್ರುಮಾ ಒಬ್ಬರು ಎಂಬುದು ಸೋಜಿಗದ ಸಂಗತಿ. ಪ್ರಾದೇಶಿಕ ಒಕ್ಕೂಟಗಳು ಇಡೀ ಖಂಡದ ಒಕ್ಕೂಟಕ್ಕೆ ಅಡ್ಡಿ, ಅವು ದೊಡ್ಡ ಅಳತೆಯ ಒಡಕುಗಳೇ ಎಂಬುದು ಅವರ ನಿಲುವಾಗಿತ್ತು. ಇಡೀ ಊರಿಗೆ ಔತಣವಿಲ್ಲದಿದ್ದರೆ ಮೂರು ಮನೆಯವರೂ ಕೂಡಿ ಉಣ್ಣಬಾರದು ಎಂದಂತೆ. ‘ಆಫ್ರಿಕಾ ಒಂದಾಗಲೇಬೇಕು’ ಎಂದು ಬರೆದವರು, ಮೂರು ದೇಶಗಳು ನಿಜವಾಗಿ ಒಂದಾಗುವ ಸಂದರ್ಭ ಬಂದಾಗ ಬೇಡವೆಂದರು. 1964ರ ಜುಲೈನಲ್ಲಿ ಕೈರೋದ ಸಭೆಯಲ್ಲಿ ನೈರೇರೆ ಈ ವಿಷಯವನ್ನೆತ್ತಿ ಎನ್‌ಕ್ರುಮಾರ ಮೇಲೆ ಬಹಿರಂಗವಾಗಿಯೇ ಹರಿಹಾಯ್ದರು.

ಅದೇ ಕೈರೋ ಸಭೆ ಇನ್ನೊಂದು ನಿರ್ಣಯಕ್ಕಾಗಿ ಹೆಚ್ಚು ಮುಖ್ಯ. ಹಿಂದಿನ ವರ್ಷ ಅಡಿಸ್ ಅಬಾಬದಲ್ಲಿ ಎನ್‌ಕ್ರುಮಾ ಬಯಸಿದ ಒಕ್ಕೂಟದ ಬದಲು ಆಫ್ರಿಕನ್ ಏಕತಾ ಸಂಸ್ಥೆ ಎಂಬ ಸಡಿಲ ಸಂಘಟನೆ ಹುಟ್ಟಿತ್ತು. ಸ್ವಾತಂತ್ರ್ಯ ಬಂದ ದಿನ ಇದ್ದ ಗಡಿಗಳನ್ನು ಎಲ್ಲರೂ ಗೌರವಿಸಬೇಕೆಂದು ಕೈರೋದಲ್ಲಿ ಅದು ತೀರ್ಮಾನಿಸಿತು. ಯುರೋಪು ಎಳೆದ ಗೆರೆಗಳಿಗೆ ಆಫ್ರಿಕಾ ತನ್ನ ಕೈಯಾರೆ ಮುದ್ರೆಯೊತ್ತಿತು. ಸೊಮಾಲಿಯಾ ಮತ್ತು ಮೊರಾಕೊ ಒಪ್ಪಲಿಲ್ಲ. ಸೊಮಾಲಿಯಾದ ಧ್ವಜದಲ್ಲಿ ಐದು ಮೊನೆಯ ನಕ್ಷತ್ರವಿದೆ, ನೋಡಿರಬಹುದು. ಐದು ಆಡಳಿತಗಳ ಕೆಳಗೆ ಹಂಚಿಹೋದ ಸೊಮಾಲಿ ಜನರ ಸಂಕೇತವದು. ಎನ್‌ಕ್ರುಮಾರ ಮನೆಬಾಗಿಲಲ್ಲೇ ಈವೆ ಜನ ಘಾನಾ, ಟೋಗೋಗಳ ನಡುವೆ ಹರಿದು ಹೋಗಿದ್ದರು. ಆದರೂ ಆ ನಿರ್ಣಯವನ್ನು ನಾನು ಸುಲಭವಾಗಿ ಹಳಿಯಲಾರೆ. ಒಂದು ಗೆರೆ ಅಳಿಸಲು ಹೊರಟರೆ ನೂರು ಕಡೆ ರಕ್ತ ಹರಿಯುತ್ತದೆಂಬ ಭಯ ಸುಳ್ಳಾಗಿರಲಿಲ್ಲ. ದೇಶ ವಿಭಜನೆಯ ನೆನಪಿರುವ ನಾವು ಆ ಭಯವನ್ನು ಅರ್ಥಮಾಡಿಕೊಳ್ಳಬಲ್ಲೆವು.

ನೈರೇರೆ ಈ ಕಥೆಯ ಸಂತ, ಎನ್‌ಕ್ರುಮಾ ಖಳ ಎಂದು ನೀವು ತಿಳಿದರೆ ಅದು ನನ್ನ ಬರಹದ ದೋಷ. ವಿಚಾರಣೆಯಿಲ್ಲದೆ ಬಂಧಿಸುವ ಕಾಯಿದೆಯನ್ನು ನೈರೇರೆಯೂ 1962ರಲ್ಲಿ ತಂದರು. 1964ರ ಏಪ್ರಿಲಿನಲ್ಲಿ ಟಾಂಗನೀಕಾ, ಜಾಂಜಿಬಾರ್‌ಗಳು ಸೇರಿ ಟಾಂಜಾನಿಯ ಆಯಿತಲ್ಲ, ಉಳಿದುಬಂದ ಆ ಅಪರೂಪದ ಒಕ್ಕೂಟಕ್ಕೂ ಎರಡು ಕಡೆಯ ಜನರ ಮತ ಕೇಳಿರಲಿಲ್ಲ. 1970ರ ದಶಕದಲ್ಲಿ ಸಾಮೂಹಿಕ ಬೇಸಾಯದ ಹಳ್ಳಿಗಳಿಗೆ ದಶಲಕ್ಷಗಟ್ಟಲೆ ರೈತರನ್ನು ಸಾಗಿಸಿದಾಗ, ಒಪ್ಪದವರ ಮೇಲೆ ಬಲಪ್ರಯೋಗವಾಯಿತು. ನೂರಕ್ಕೂ ಹೆಚ್ಚು ಬುಡಕಟ್ಟುಗಳ ನಾಡನ್ನು ಸ್ವಾಹಿಲಿ ಭಾಷೆಯ ಮೂಲಕ ಒಂದು ಜನವಾಗಿಸಿದ್ದು ಅವರ ನಿಜವಾದ ಸಾಧನೆ. ಅದಕ್ಕಾಗಿ ಅವರು ಷೇಕ್ಸ್‌ಪಿಯರನ ಎರಡು ನಾಟಕಗಳನ್ನೂ ಕುಳಿತು ಅನುವಾದಿಸಿದರು. ಭಾಷೆ ಒಪ್ಪಿಗೆಯಿಂದ ಹಬ್ಬಿತು, ಹಳ್ಳಿಗಳು ಆಜ್ಞೆಯಿಂದ ಎದ್ದವು. ಯಾವುದು ಉಳಿಯಿತೆಂದು ಹೇಳಬೇಕಾಗಿಲ್ಲ.

ಆದರೆ ಒಂದು ಸಂದರ್ಭದಲ್ಲಿ ನೈರೇರೆ ಎನ್‌ಕ್ರುಮಾರ ಗ್ರಂಥ ಬಿಟ್ಟಿದ್ದ ಪ್ರಶ್ನೆಯನ್ನು ಎತ್ತಿದರು. 1967ರಲ್ಲಿ ನೈಜೀರಿಯದ ಪೂರ್ವಭಾಗ ಬಿಯಾಫ್ರಾ ಎಂಬ ಹೆಸರಿನಲ್ಲಿ ಬೇರೆಯಾದಾಗ ಭೀಕರ ಅಂತರ್ಯುದ್ಧ ನಡೆಯಿತು. ಹಸಿವಿನಿಂದ ಹೊಟ್ಟೆಯುಬ್ಬಿದ ಮಕ್ಕಳ ಚಿತ್ರಗಳು ಹಿರಿಯರಿಗೆ ನೆನಪಿರಬಹುದು. ರಾತ್ರಿಯ ಹೊತ್ತು ವಿಮಾನಗಳಲ್ಲಿ ಆಹಾರ ಸಾಗಿಸಿದ ಕ್ರೈಸ್ತ ನೆರವು ಸಂಸ್ಥೆಗಳಲ್ಲಿ ನಮ್ಮ ಕಾರಿತಾಸ್ ಕೂಡ ಇತ್ತು. ಗಡಿಗಳನ್ನು ಮುಟ್ಟಬಾರದೆಂದು ತೀರ್ಮಾನಿಸಿದ್ದ ಆಫ್ರಿಕಾದ ನಾಯಕರು ಬಹುಪಾಲು ನೈಜೀರಿಯದ ಪರ ನಿಂತರು. 1968ರ ಏಪ್ರಿಲಿನಲ್ಲಿ ಟಾಂಜಾನಿಯ ಮಾತ್ರ ಎಲ್ಲರಿಗಿಂತ ಮೊದಲು ಬಿಯಾಫ್ರಾಕ್ಕೆ ಮಾನ್ಯತೆ ನೀಡಿತು. ಏಕತೆಯ ಜಪ ಮಾಡುತ್ತಿದ್ದವರು ಒಡಕನ್ನು ಒಪ್ಪಿದರೆಂದು ಗದ್ದಲವೆದ್ದಿತು. ಜನರ ಒಪ್ಪಿಗೆಯಿಲ್ಲದೆ ಏಕತೆಯಿಲ್ಲ, ರಾಜ್ಯವಿರುವುದು ಜನರ ರಕ್ಷಣೆಗಾಗಿ ಎಂಬುದು ನೈರೇರೆಯವರ ಸಮಾಧಾನ. ಆ ನಿರ್ಧಾರ ಸರಿಯೋ ತಪ್ಪೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಯುದ್ಧ 1970ರ ಜನವರಿಯಲ್ಲಿ ಬಿಯಾಫ್ರಾದ ಸೋಲಿನಲ್ಲಿ ಮುಗಿಯಿತು. ಅವರ ತರ್ಕವನ್ನು ಮಾತ್ರ ನಾನು ಎನ್‌ಕ್ರುಮಾರ ಗ್ರಂಥದಲ್ಲಿ ಹುಡುಕಿದೆ, ಸಿಗಲಿಲ್ಲ.

ಈಗ ನಿಮ್ಮನ್ನು 1965ರ ಫೆಬ್ರವರಿ ತಿಂಗಳಿಗೆ ಕರೆದೊಯ್ಯುತ್ತೇನೆ. ಆ ಒಂದು ತಿಂಗಳಲ್ಲಿ ಆಫ್ರಿಕಾದ ಎರಡು ಅಂಚುಗಳಲ್ಲಿ ಎರಡು ಸಾವುಗಳು ಸಂಭವಿಸಿದವು.

ಫೆಬ್ರವರಿ 4ರಂದು ಘಾನಾದ ಎನ್ಸಾವಾಮ್ ಸೆರೆಮನೆಯಲ್ಲಿ ಜೆ. ಬಿ. ಡಾಂಕ್ವಾ ತೀರಿಕೊಂಡರು. ನ್ಯಾಯವಾದಿ, ವಿದ್ವಾಂಸ. ದೇಶಕ್ಕೆ ಘಾನಾ ಎಂಬ ಹೆಸರನ್ನು ಸೂಚಿಸಿ ಅದಕ್ಕಾಗಿ ವಾದಿಸಿದವರು ಅವರೇ. 1947ರಲ್ಲಿ ಲಂಡನ್ನಿನಿಂದ ಎನ್‌ಕ್ರುಮಾರನ್ನು ಕಾರ್ಯದರ್ಶಿಯಾಗಿ ಕರೆಸಿಕೊಂಡ ಸಂಘಟನೆಯ ಮುಖ್ಯಸ್ಥರಲ್ಲಿ ಅವರೊಬ್ಬರು. 1948ರಲ್ಲಿ ಬ್ರಿಟಿಷರು ಇಬ್ಬರನ್ನೂ ಒಟ್ಟಿಗೇ ಬಂಧಿಸಿದ್ದರು. 1960ರಲ್ಲಿ ಡಾಂಕ್ವಾ ಅಧ್ಯಕ್ಷ ಪದವಿಗೆ ಎನ್‌ಕ್ರುಮಾರ ಎದುರು ನಿಂತು ಸೋತರು. ಮುಂದಿನ ವರ್ಷ ಒಮ್ಮೆ, 1964ರಲ್ಲಿ ಮತ್ತೊಮ್ಮೆ ಅವರನ್ನು ವಿಚಾರಣೆಯಿಲ್ಲದೆ ಸೆರೆಗೆ ಹಾಕಲಾಯಿತು. ಎರಡನೆಯ ಬಾರಿ ಜೀವಂತವಾಗಿ ಹೊರಬರಲಿಲ್ಲ. ಆಗ ಅವರಿಗೆ ಅರವತ್ತೊಂಬತ್ತು ವರ್ಷ.

ಫೆಬ್ರವರಿ 24ರಂದು ನೈರೋಬಿಯಲ್ಲಿ ಪಿಯೊ ಗಾಮ ಪಿಂಟೊ ಅವರನ್ನು ಅವರ ಮನೆಯ ಗೇಟಿನ ಬಳಿ ಗುಂಡಿಟ್ಟು ಕೊಲ್ಲಲಾಯಿತು. ಕಾರಿನ ಹಿಂದಿನ ಆಸನದಲ್ಲಿ ಪುಟ್ಟ ಮಗಳಿದ್ದಳು. ಈ ಹೆಸರು ನಮಗೆ ತೀರ ಹೊರಗಿನದಲ್ಲ. 1927ರಲ್ಲಿ ನೈರೋಬಿಯಲ್ಲಿ ನೆಲೆಸಿದ್ದ ಗೋವಾದ ಕಥೋಲಿಕ ಕುಟುಂಬದಲ್ಲಿ ಹುಟ್ಟಿದ ಪಿಂಟೊ ಬಾಲ್ಯದಲ್ಲೇ ಓದಿಗಾಗಿ ಭಾರತಕ್ಕೆ ಬಂದವರು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಎರಡು ವರ್ಷ ವಿಜ್ಞಾನ ಓದಿದವರು. ಕೀನ್ಯಾಕ್ಕೆ ಮರಳಿ ಬ್ರಿಟಿಷರ ವಿರುದ್ಧದ ಹೋರಾಟಕ್ಕಿಳಿದರು; 1954ರಲ್ಲಿ ಬಂಧಿತರಾಗಿ ಮಂಡಾ ದ್ವೀಪದ ಶಿಬಿರದಲ್ಲಿ ವರ್ಷಗಟ್ಟಲೆ 갇 ಸೆರೆಯಲ್ಲಿದ್ದರು. ಗೋವಾದ ವಿಮೋಚನೆಗೂ ದುಡಿದರು. ಕೀನ್ಯಾ ಸ್ವತಂತ್ರವಾದ ಮೇಲೆ ಅಲ್ಲಿನ ಸಂಸತ್ತಿನ ಸದಸ್ಯರಾದರು. ಬಿಳಿಯರು ಬಿಟ್ಟುಹೋದ ಭೂಮಿ ಹೊಸ ಶ್ರೀಮಂತರ ಪಾಲಾಗದೆ ಭೂಹೀನರಿಗೆ ಸಿಗಬೇಕೆಂದು ಪಟ್ಟು ಹಿಡಿದವರಲ್ಲಿ ಅವರೊಬ್ಬರು. ಹತ್ಯೆಗಾಗಿ ಒಬ್ಬ ಯುವಕ ಮೂರು ದಶಕಗಳಿಗೂ ಹೆಚ್ಚು ಕಾಲ ಸೆರೆಯಲ್ಲಿ ಕಳೆದ; ಅದರ ಹಿಂದಿದ್ದವರು ಯಾರೆಂಬುದು ನ್ಯಾಯಾಲಯದಲ್ಲಿ ಎಂದೂ ಬಯಲಾಗಲಿಲ್ಲ. ಪಿಂಟೊ ಅವರಿಗೆ ಮೂವತ್ತೇಳು ವರ್ಷ. ಕೀನ್ಯಾದ ಯಾವ ಬುಡಕಟ್ಟಿಗೂ ಸೇರದ, ಆದರೆ ಆ ನೆಲವನ್ನೇ ತನ್ನದೆಂದುಕೊಂಡ ಮನುಷ್ಯ. ಮ್ಯಾಂಚೆಸ್ಟರಿನ ಸಭೆ ಕನಸು ಕಂಡ ಆಫ್ರಿಕಾದಲ್ಲಿ ಅವರಿಗೆ ಸ್ಥಳವಿತ್ತು ಎಂದು ನನ್ನ ನಂಬಿಕೆ. 1965ರ ಕೀನ್ಯಾದಲ್ಲಿ ಇರಲಿಲ್ಲ.

ಡಾಂಕ್ವಾ ಸಾಯುವಾಗ ಘಾನಾವನ್ನು ಆಳುತ್ತಿದ್ದವರು ಎನ್‌ಕ್ರುಮಾ, ಪಿಂಟೊ ಸಾಯುವಾಗ ಕೀನ್ಯಾವನ್ನು ಆಳುತ್ತಿದ್ದವರು ಕೆನ್ಯಾಟಾ. ಇಬ್ಬರೂ ಮ್ಯಾಂಚೆಸ್ಟರಿನಲ್ಲಿ ಒಟ್ಟಿಗೆ ಕುಳಿತಿದ್ದವರು. ಇಪ್ಪತ್ತೇ ವರ್ಷ ಕಳೆದಿತ್ತು.

ಹೀಗೆ ನೋಡುತ್ತ ಹೋದಂತೆ, ಪ್ರತಿಮೆಯ ಪೀಠದ ಮೇಲಿದ್ದ ಆ ಮಾತಿನಲ್ಲಿ ನನ್ನನ್ನು ಕಾಡುವುದು ರಾಜಕೀಯ ಎಂಬ ಪದವಲ್ಲ. ಸ್ವಂತ ಸರ್ಕಾರವಿಲ್ಲದ ಜನ ಶಾಲೆ ಆಸ್ಪತ್ರೆಗಳನ್ನಾಗಲಿ ಬೆಳೆಗೆ ಬೆಲೆಯನ್ನಾಗಲಿ ಬೇಡಿ ಪಡೆಯಲಾರರೆಂದು ಎನ್‌ಕ್ರುಮಾ ಕಂಡುಕೊಂಡದ್ದು ಸತ್ಯವೇ. ಸೆರೆಮನೆಯಿಂದ ನೇರವಾಗಿ ಅಧಿಕಾರಕ್ಕೆ ಬಂದ ಅವರಿಗಿಂತ ಅದನ್ನು ಯಾರು ಬಲ್ಲರು? ಕಾಡುವ ಪದ ‘ಮೊದಲು’ ಎಂಬುದು. ಮೊದಲು ರಾಜ್ಯ, ಆಮೇಲೆ ಭಿನ್ನಮತಕ್ಕೆ ಅವಕಾಶ. ಮೊದಲು ಇಡೀ ಖಂಡ, ಆಮೇಲೆ ಅಶಾಂತಿಯ ರೈತ. ಶುಭಸಂದೇಶದಲ್ಲಿ ಮೊದಲು ಅರಸಬೇಕಾದದ್ದು ದೇವರ ಸಾಮ್ರಾಜ್ಯವನ್ನು ಮಾತ್ರವಲ್ಲ, ಅದರೊಡನೆ ಅವರ ನ್ಯಾಯನೀತಿಯನ್ನೂ. ಎನ್‌ಕ್ರುಮಾ ಬದಲಿಸಿದ ಪದವನ್ನು ಎಲ್ಲರೂ ಗಮನಿಸಿದರು. ವಾಕ್ಯದಿಂದ ಉದುರಿಹೋದ ಆ ಎರಡನೆಯ ಭಾಗವನ್ನು ಗಮನಿಸಿದವರು ಕಡಿಮೆ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. 1965ರ ಅಕ್ಟೋಬರಿನಲ್ಲಿ ಏಕತಾ ಸಂಸ್ಥೆಯ ಸಭೆ ಆಕ್ರಾದಲ್ಲೇ ಸೇರಿತು. ಕೋಕೋ ಬೆಲೆ ಕುಸಿದು ಖಜಾನೆ ಬರಿದಾಗುತ್ತಿದ್ದ ಹೊತ್ತಿನಲ್ಲಿ ಅತಿಥಿಗಳಿಗಾಗಿ ಭವ್ಯ ಭವನವೊಂದನ್ನು ಕಟ್ಟಿಸಲಾಗಿತ್ತು. ಫ್ರೆಂಚ್ ಭಾಷಿಕ ರಾಷ್ಟ್ರಗಳಲ್ಲಿ ಹಲವು ಬರಲೇ ಇಲ್ಲ. ಒಕ್ಕೂಟ ಸರ್ಕಾರದ ಪ್ರಸ್ತಾವ ಅಲ್ಲೇ ಬಿದ್ದುಹೋಯಿತು. ನಾಲ್ಕು ತಿಂಗಳ ನಂತರ, 1966ರ ಫೆಬ್ರವರಿ 24ರಂದು, ಎನ್‌ಕ್ರುಮಾ ಹನೋಯ್‌ಗೆ ಹೊರಟು ದಾರಿಯಲ್ಲಿದ್ದಾಗ ಸೇನೆ ಅಧಿಕಾರ ಕಸಿದುಕೊಂಡಿತು. ಅವರಿಗೆ ಆಶ್ರಯ ನೀಡಿದ್ದು ಹಿಂದೊಮ್ಮೆ ಅವರ ಸಾಲ ಪಡೆದಿದ್ದ ಗಿನಿ. ಅಲ್ಲಿನ ಅಧ್ಯಕ್ಷ ಸೆಕು ಟೂರೆ ಅವರನ್ನು ಸಹ-ಅಧ್ಯಕ್ಷರೆಂದು ಘೋಷಿಸಿದರು. ಒಕ್ಕೂಟದ ಕನಸು ಒಬ್ಬ ದೇಶಭ್ರಷ್ಟನ ಮಟ್ಟಿಗಾದರೂ ನಿಜವಾಯಿತೆನ್ನಿ. 1972ರಲ್ಲಿ ರುಮೇನಿಯದ ಬುಖಾರೆಸ್ಟಿನಲ್ಲಿ ತೀರಿಕೊಂಡರು. 2002ರಲ್ಲಿ ಏಕತಾ ಸಂಸ್ಥೆಯ ಜಾಗಕ್ಕೆ ಆಫ್ರಿಕನ್ ಒಕ್ಕೂಟ ಬಂದಿತು. ಈಗ ಅದರಲ್ಲಿ 55 ಸದಸ್ಯ ರಾಷ್ಟ್ರಗಳಿವೆ. ಚೀನಾ ಕಟ್ಟಿಸಿಕೊಟ್ಟ ಅದರ ಕೇಂದ್ರ ಕಚೇರಿಯ ಅಂಗಳದಲ್ಲಿ 2012ರಿಂದ ಎನ್‌ಕ್ರುಮಾರ ಪ್ರತಿಮೆಯೊಂದು ನಿಂತಿದೆ, ತಲೆಸಮೇತ. 2021ರಿಂದ ಖಂಡಕ್ಕೊಂದು ಮುಕ್ತ ವ್ಯಾಪಾರ ಒಪ್ಪಂದ ಜಾರಿಯಲ್ಲಿದೆ. ಇನ್ನೊಂದು ಕಡೆ 2025ರ ಜನವರಿಯಲ್ಲಿ ಮಾಲಿ, ಬುರ್ಕಿನಾ ಫಾಸೊ, ನೈಜರ್ ದೇಶಗಳು ಪಶ್ಚಿಮ ಆಫ್ರಿಕಾದ ಆರ್ಥಿಕ ಸಮುದಾಯದಿಂದ ಹೊರನಡೆದವು.

1997ರ ಮಾರ್ಚಿನಲ್ಲಿ ಘಾನಾ ಸ್ವಾತಂತ್ರ್ಯದ ನಲವತ್ತನೆಯ ವರ್ಷ ಆಚರಿಸಿದಾಗ ಆಕ್ರಾಕ್ಕೆ ಅತಿಥಿಯಾಗಿ ಬಂದವರು ವೃದ್ಧ ನೈರೇರೆ. ಅಧಿಕಾರ ಬಿಟ್ಟು ಹನ್ನೆರಡು ವರ್ಷವಾಗಿತ್ತು. ಸಾಯಲು ಎರಡೂವರೆ ವರ್ಷ ಉಳಿದಿತ್ತು. ಹಳೆಯ ಎದುರಾಳಿಯ ಊರಿನಲ್ಲಿ ನಿಂತು, ಏಕತೆಯ ವಿಷಯದಲ್ಲಿ ತಮ್ಮ ತಲೆಮಾರು ಸೋತಿತೆಂದೂ ಅದಕ್ಕಾಗಿ ಎಲ್ಲರಿಗಿಂತ ಹೆಚ್ಚು ತುಡಿದವರು ಎನ್‌ಕ್ರುಮಾ ಎಂದೂ ಅವರು ಒಪ್ಪಿಕೊಂಡರು. ರಾಷ್ಟ್ರಗೀತೆಗಳು, ಧ್ವಜಗಳು, ಪಾಸ್‌ಪೋರ್ಟುಗಳು, ವಿಶ್ವಸಂಸ್ಥೆಯ ಆಸನಗಳು, ಕುಶಾಲತೋಪಿನ ಗೌರವಕ್ಕೆ ಅರ್ಹರಾದ ವ್ಯಕ್ತಿಗಳು ಇಷ್ಟೊಂದು ಹೆಚ್ಚಿದ ಮೇಲೆ, ಒಡೆದ ಆಫ್ರಿಕಾ ಒಡೆದೇ ಇರಲಿ ಎಂದು ಬಯಸುವವರೂ ಹೆಚ್ಚುತ್ತಾರೆ ಎಂದರು. ಬಳಿಕ 1965ರ ಆ ಸಭೆಯ ನೆನಪೊಂದನ್ನು ಹೇಳಿದರು. ಒಕ್ಕೂಟದ ಪ್ರಸ್ತಾವ ಬಿದ್ದುಹೋದ ಮೇಲೆ ಒಬ್ಬ ರಾಷ್ಟ್ರಾಧ್ಯಕ್ಷರು, ಸದ್ಯ ಅಧ್ಯಕ್ಷನಾಗಿಯೇ ಮನೆಗೆ ಮರಳುತ್ತಿದ್ದೇನಲ್ಲ ಎಂದು ಸಮಾಧಾನದ ನಿಟ್ಟುಸಿರು ಬಿಟ್ಟರಂತೆ. ಅವರು ತಮಾಷೆಗೆ ಹಾಗೆಂದರೋ ನಿಜವಾಗಿಯೇ ಹಾಗೆಂದರೋ ತಮಗೆ ಇಂದಿಗೂ ಗೊತ್ತಾಗಿಲ್ಲ ಎಂದು ಮೇಷ್ಟ್ರು ಹೇಳಿದರು.